ಹಿತ್ತಲಿನ ಜೇಕು ಮತ್ತು ತಿಳವಳ್ಳಿಯ ಮಾವ

ದಣಿದವರ ಆಸೆಗಳು ಬಹಳ ಸಣ್ಣವು. ದಿನಾ ಹಾನಗಲ್ಲಿನಿಂದ ಶಿಗ್ಗಾವಿಗೆ ಹೋಗಿ, ಮಕ್ಕಳಿಗೆ ಗಣಿತ ಕಲಿಸಿ, ಸಂಜೆ ತುಂಬಿದ ಬಸ್ಸಿನಲ್ಲಿ ಯಾರದೋ ಚೀಲಕ್ಕೆ ಒರಗಿ ನಿಂತು ಮನೆಗೆ ಬರುವ ನನ್ನಂಥ ಮಾಸ್ತರನಿಗೆ ಇದ್ದದ್ದು ಒಂದೇ ಆಸೆ. ಹಿತ್ತಲಲ್ಲಿ ಏನಾದರೂ ಹಸಿರಾಗಿರಬೇಕು, ಅದಕ್ಕಾಗಿ ನಾನು ಬಗ್ಗಬಾರದು.

ನಮ್ಮ ಹಿತ್ತಲಿನ ಕಷ್ಟ ನೀರಿಲ್ಲದ್ದಲ್ಲ, ನೀರು ಇಂಗದ್ದು. ಮನೆ ಕೆರೆಯ ಏರಿಯ ಕೆಳಗಿದೆ. ಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ಕಾಲು ಮೇಲೆ ಬರುತ್ತದೆ, ಚಪ್ಪಲಿ ಬರುವುದಿಲ್ಲ. ಹೆಂಡತಿ ಗಿರಿಜಾ ನೆಟ್ಟ ಕರಿಬೇವು ಹಳದಿಯಾಗಿ ಹೋಯಿತು, ದಾಸವಾಳದ ಬೇರು ಕೊಳೆಯಿತು, ಪಪ್ಪಾಯಿ ಕಾಯಿ ಬಿಡುವ ಮೊದಲೇ ಮಲಗಿತು. ಅಲ್ಲಿ ಸತ್ತ ಗಿಡಗಳ ಹಾಜರಿ ಕರೆದರೆ ಒಂದು ತರಗತಿ ತುಂಬುತ್ತದೆ. ಬಟ್ಟೆ ಒಗೆಯುವ ಕಲ್ಲಿನ ತನಕ ಹೋಗುವಾಗ ಗಿರಿಜಾ ಜಾರಿ ಬಿದ್ದದ್ದೂ ಉಂಟು. ಆ ದಿನ ಕೆಸರಿಗೆ ಬೀಳಬೇಕಾದ ಬೈಗುಳ ನನಗೆ ಬಿತ್ತು.

ಕೊನೆಗೆ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ದಾರಿ ತೋರಿಸಿದರು. “ಹಸಿ ನೆಲದಾಗ ಹಸಿ ನೆಲದ ಗಿಡಾನ ಹಚ್ರಿ ಸರ. ಕೆರಿ ದಂಡಿಗೆ ಜೇಕು ಹುಲ್ಲು ನಿಂತೈತಲ್ರಿ, ಅದಕ್ಕ ಯಾರರ ಗೊಬ್ಬರ ಹಾಕ್ಯಾರೇನು?” ಅವರ ಮಾತು ನನ್ನ ಸೋಮಾರಿತನಕ್ಕೆ ಹೇಳಿ ಮಾಡಿಸಿದಂತಿತ್ತು. ಭಾನುವಾರ ಕೆರೆಯ ದಂಡೆಯಿಂದ ಜೇಕಿನ ಒಂದು ಬುಡ ಕಿತ್ತು ತಂದೆ. ಬೇರುಸಹಿತ ಸೀಳಿ, ಮೇಲಿನ ಹಳೆಯ ಎಲೆ ಕತ್ತರಿಸಿ, ಕೆಸರಲ್ಲಿ ದೂರ ದೂರ ನೆಟ್ಟೆ. ಅದು ಬಂತು. ಬರಬೇಡವೆಂದರೂ ಬರುವ ನೆಂಟರಂತೆ ಬಂತು. ಮೊಣಕಾಲೆತ್ತರ ಬೆಳೆದು ತುದಿಗೆ ಕಂದು ಬಣ್ಣದ ತೆನೆ ಬಿಟ್ಟಿತು. ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಏಣಿನ ತ್ರಿಕೋನ ಸಿಗುತ್ತಿತ್ತು. ಗಣಿತದವನಿಗೆ ಅದೂ ಒಂದು ಸುಖ. ಬೇರು ಹಬ್ಬಿ ನೆಲ ಬಿಗಿಯಾಯಿತು, ಗಿರಿಜಾ ಜಾರುವುದು ನಿಂತಿತು. ನಾನೂ ಒಂದು ಗಿಡ ಬೆಳೆಸಿದೆ ಎಂದು ಬಸ್ಸಿನಲ್ಲಿ ಅಪರಿಚಿತರಿಗೂ ಹೇಳಿದೆ.

ಅಷ್ಟರಲ್ಲಿ ತಿಳವಳ್ಳಿಯಿಂದ ಮಾವ ಬಂದರು. ಬರಲಿಲ್ಲ, ಗಿರಿಜಾ ಕರೆತಂದಳು. ಬುದ್ಧಿ ಬಂದಾಗಿನಿಂದ ಭತ್ತದ ಗದ್ದೆಯಲ್ಲೇ ನಿಂತ ಮನುಷ್ಯ; ಈಗ ಮೊಣಕಾಲು ಹೋಗಿ, ಡಾಕ್ಟರು ಗದ್ದೆಗೆ ಇಳಿಯಬಾರದೆಂದಿದ್ದರು. ಅಂದಿನಿಂದ ಅವರು ಮಾತು ಬಿಟ್ಟಿದ್ದರು. ನಮ್ಮ ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದರು. ಚಹಾ ಎಂದರೆ ಹೂಂ, ಊಟ ಎಂದರೆ ಹೂಂ. ಗಿರಿಜಾ ಒಲೆಯ ಮುಂದೆ ಕಣ್ಣೊರೆಸಿಕೊಂಡು, “ಅಪ್ಪ ಹಿಂಗ ಕುಂತ ಹೋಗಿಬಿಡ್ತಾನೇನ್ರೀ?” ಎಂದಳು.

ಒಂದು ಸಂಜೆ ಶಾಲೆಯಿಂದ ಬಂದು ನೋಡಿದರೆ ಹಿತ್ತಲು ಬೋಳಾಗಿತ್ತು. ಗೋಡೆಯ ಬದಿಗೆ ನನ್ನ ಜೇಕು ಬೇರು ಮೇಲಾಗಿ ರಾಶಿ ಬಿದ್ದಿತ್ತು. ಮಾವ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದರು, ಮೊಳಕೈ ತನಕ ಕೆಸರು.

“ಏನ್ರೀ ಮಾಸ್ತರ, ಇಷ್ಟ ಜೇಕು ಬಿಟ್ಟೀರಲ್ರೀ” ಎಂದರು. “ನಾ ಗದ್ದ್ಯಾಗ ಈ ಕಸಾ ಇಷ್ಟ ಬಿಟ್ಟಿದ್ರ ನಮ್ಮಪ್ಪ ನನಗ ಊಟಾನ ಹಾಕ್ತಿದ್ದಿಲ್ಲ.”

ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿ ತಿಂಗಳುಗಳಾಗಿದ್ದವು. ಅವರ ಹಿಂದೆ ನಿಂತಿದ್ದ ಗಿರಿಜಾ ಕಣ್ಣಲ್ಲೇ ನನ್ನನ್ನು ಬೇಡಿಕೊಂಡಳು. ನಾನು ರಾಶಿಯ ಕಡೆ ನೋಡಿದೆ; ನನ್ನ ಗಿಡ ಗದ್ದೆಯವರಿಗೆ ಕಳೆ.

“ನಾ ಲಕ್ಷ್ಯಾನ ಕೊಟ್ಟಿದ್ದಿಲ್ರಿ ಮಾವಾರ.”

“ಶಾಲಿ ಗದ್ದಲದಾಗ ನಿಮಗೆಲ್ಲಿ ಪುರಸೊತ್ತು. ನಾ ಅದೇನಿ, ಬಿಡ್ರಿ.”

ಅವತ್ತು ಅವರು ಕೇಳಿ ರೊಟ್ಟಿ ಹಾಕಿಸಿಕೊಂಡರು. ಕೆಸರಲ್ಲಿ ಉಳಿದ ಬೇರು ವಾರದೊಳಗೆ ಚಿಗುರಿತು. ಮಾವ ಗೆಲುವಾಗಿ, “ಬಂತ ನೋಡ್ರಿ ಕಳ್ಳ” ಎನ್ನುತ್ತ ಮಣೆ ಎಳೆದುಕೊಂಡರು. ಆದರೆ ಅವರು ಕೆಲಸಗಾರರು, ಅದೇ ತೊಂದರೆ. ದಿನ ಕಳೆದಂತೆ ಚಿಗುರು ಕಡಿಮೆಯಾಯಿತು. ಒಂದು ಮುಂಜಾನೆ ಕೀಳಲು ಏನೂ ಉಳಿದಿರಲಿಲ್ಲ. ಮಾವ ಮತ್ತೆ ಗೋಡೆಯ ಮುಂದೆ ಕೂತರು. ಗಿರಿಜಾ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಈಗ ನಾನು ಬಸ್ಸಿನಿಂದ ಕೆರೆಯ ಹತ್ತಿರವೇ ಇಳಿಯುತ್ತೇನೆ. ಊಟದ ಚೀಲದಲ್ಲಿ ಜೇಕು ತುಂಬಿಕೊಂಡು, ಮಾವ ದೇವಸ್ಥಾನದ ಕಟ್ಟೆಗೆ ಹೋದ ಸಮಯ ನೋಡಿ ನೆಡುತ್ತೇನೆ. ಬೆಳಿಗ್ಗೆ ಅವರು ಕೀಳುತ್ತಾರೆ. ನನ್ನ ಸೊಂಟ ಹಿಡಿದಿದೆ, ಅವರ ಮುಖಕ್ಕೆ ಕಳೆ ಏರಿದೆ.

ನಿನ್ನೆ ಮಾವ ಬೇಗ ಮರಳಿದ್ದರು. ನಾನು ಹಿತ್ತಲ ಬಾಗಿಲಲ್ಲಿ ನುಸುಳುವಾಗ ಅವರು ಫೋನಿನಲ್ಲಿ ಊರಲ್ಲಿರುವ ಮಗನಿಗೆ ಹೇಳುತ್ತಿದ್ದರು: “ಈಗ ಬರೂದಿಲ್ಲಪಾ. ಮಾಸ್ತರ ಭಾಳ ಛಲೋ ಮನಷ್ಯಾ, ಖರೆ ಆತಗ ಕಸ ಬಿಟ್ಟು ಏನೂ ಬೆಳ್ಯಾಕ ಬರೂದಿಲ್ಲ. ನಾ ಬಂದ್ರ ಈ ಹಿತ್ತಲಾ ನೋಡಾವ್ರು ಯಾರು?” ಅಷ್ಟರಲ್ಲಿ ನನ್ನನ್ನು ಕಂಡು, “ಹೌದಿಲ್ರೀ ಮಾಸ್ತರ?” ಎಂದರು.

ಚೀಲವನ್ನು ಬೆನ್ನ ಹಿಂದೆ ಹಿಡಿದು ಹೌದೆಂದು ತಲೆಯಾಡಿಸಿದೆ.