ಓ-ಯು-ಜಿ-ಎಚ್ ಮತ್ತು ನನ್ನ ಹೆಂಡತಿ

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಮರ್ಯಾದೆ ಎಷ್ಟು ಎಂದು ಯಾರಾದರೂ ಕೇಳಿದರೆ, ನಾನು ಬಟಾಣಿ ಸಿಪ್ಪೆ ತುಂಬಿದ ಬೋಗುಣಿ ತೋರಿಸುತ್ತೇನೆ. ಮೂವತ್ತೆರಡು ವರ್ಷ ರೈಲ್ವೆ ಟಿಕೆಟ್ ಕಿಟಕಿಯ ಹಿಂದೆ ಕೂತು ಅರ್ಧ ಯಾರ್ಕ್‌ಷೈರನ್ನು ಸಮುದ್ರ ತೀರಕ್ಕೆ ಕಳಿಸಿದ ಕತ್ಬರ್ಟ್ ರಾಮ್ಸ್‌ಡನ್ ಎಂಬ ನಾನು, ಈಗ ದಿನಾ ಬೆಳಗ್ಗೆ ಬಟಾಣಿ ಸುಲಿಯುತ್ತೇನೆ. (ನನ್ನ ಹೆಂಡತಿ ಹಿಲ್ಡಾಳನ್ನು ಮಾತ್ರ ಒಮ್ಮೆಯೂ ಸಮುದ್ರಕ್ಕೆ ಕಳಿಸಿರಲಿಲ್ಲ. ಈ ವಿಷಯ ವಾರಕ್ಕೆರಡು ಸಲ ನೆನಪು ಮಾಡಿಕೊಡಲಾಗುತ್ತಿತ್ತು.)

ಹೀಗಿರುವಾಗ ಚರ್ಚಿನ ಸಭಾಂಗಣದ ಬಾಗಿಲ ಮೇಲೆ ಒಂದು ಚೀಟಿ ಅಂಟಿತು. ಹಳೆಯ ನಿಘಂಟಿನ ಪದಗಳ ಸ್ಪರ್ಧೆ. ಓ, ಯು, ಜಿ, ಎಚ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಇದೇ ಸಾಲಿನಲ್ಲಿ ಬರುವ ಪದಗಳನ್ನು ಹುಡುಕಿ ತರಬೇಕು. ವೇದಿಕೆ ಮೇಲೆ ನಿಂತು ಪದ ಹೇಳಬೇಕು, ಅರ್ಥ ಹೇಳಬೇಕು. ಇವೇ ನಾಲ್ಕು ಅಕ್ಷರ ಕೆಮ್ಮಿಗೆ ಹೇಳುವ 'ಕಾಫ್'ನಲ್ಲಿ ಒಂದು ಥರ, ನಾದಿದ ಹಿಟ್ಟಿಗೆ ಹೇಳುವ 'ಡೋ'ನಲ್ಲಿ ಇನ್ನೊಂದು ಥರ; ಉಚ್ಚಾರ ತಪ್ಪಿದರೆ ಆ ಪದ ಲೆಕ್ಕಕ್ಕಿಲ್ಲ. ಗೆದ್ದವರಿಗೆ ವಿಟ್ಬಿಯಲ್ಲಿ, ಸಮುದ್ರದ ಎದುರಿನ ವಸತಿಗೃಹದಲ್ಲಿ, ಇಬ್ಬರಿಗೆ ಒಂದು ವಾರ ಊಟ ವಸತಿ.

"ಹಿಲ್ಡಾ, ಪೆಟ್ಟಿಗೆ ಕಟ್ಟು!" ಎಂದೆ ಮನೆಗೆ ಬಂದವನೇ. "ನಿನ್ನನ್ನ ವಿಟ್ಬಿಗೆ ಕರ್ಕೊಂಡು ಹೋಗ್ತೀನಿ."

"ರೈಲ್ವೆ ಪಾಸ್ ಪುಕ್ಕಟೆ ಇದ್ದಾಗ ಕರ್ಕೊಂಡು ಹೋಗ್ಲಿಲ್ಲ. ಈಗ ನಾಲ್ಕು ಅಕ್ಷರದ ಮೇಲೆ ಕೂರಿಸಿ ಕರ್ಕೊಂಡು ಹೋಗ್ತೀಯಾ?" ಎಂದಳು, ಹಿಟ್ಟು ನಾದುತ್ತಲೇ.

ಅಟ್ಟದಿಂದ ತಾತನ ನಿಘಂಟು ಇಳಿಸಿದೆ. ಎರಡು ಸಂಪುಟ, ಒಂದೊಂದೂ ಎಳೆಗರುವಿನ ತೂಕ. ಮೂರು ವಾರ ಊಟದ ಮೇಜು ನನ್ನ ಸಾಮ್ರಾಜ್ಯವಾಯಿತು. ಹಿಲ್ಡಾ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಂಡಳು. ಮೂವತ್ತೆಂಟು ಪದ ಸಿಕ್ಕವು! ಕೆಲವಂತೂ ಇನ್ನೂರು ವರ್ಷದಿಂದ ಮನುಷ್ಯರ ಬಾಯಿಗೆ ಬಿದ್ದಿರಲಾರವು ಎಂದು ನನ್ನ ಅಂದಾಜು.

"ನಾನೂ ಹೆಸರು ಕೊಟ್ಟಿದ್ದೀನಿ" ಎಂದಳು ಹಿಲ್ಡಾ, ಸ್ಪರ್ಧೆಯ ಹಿಂದಿನ ದಿನ.

"ನೀನಾ? ಎಷ್ಟು ಪದ ಗೊತ್ತು ನಿಂಗೆ?"

"ಹತ್ತೋ ಹನ್ನೊಂದೋ."

ನಾನು ನಗಲಿಲ್ಲ. ವಿದ್ವಾಂಸರು ನಗಬಾರದು. ಭುಜ ತಟ್ಟಿದೆ, ಅಷ್ಟೇ.

ಶನಿವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಗ್ರಂಥಪಾಲಕಿ ಮಿಸ್ ಆಕ್ರಾಯ್ಡ್ ತೀರ್ಪುಗಾರ್ತಿ. ಕೈಯಲ್ಲಿ ಪುಟ್ಟ ಗಂಟೆ. ತಪ್ಪಾದರೆ ಟಿಣ್. ನಾನು ಕೋಟಿನ ಗುಂಡಿ ಹಾಕಿಕೊಂಡು ಶುರು ಮಾಡಿದೆ.

"ಹೌ. ಪ್ರಾಣಿಯ ಹಿಂಗಾಲಿನ ಗಿಣ್ಣು."

ಟಿಣ್.

"ಕ್ಲೋ. ಕಡಿದಾದ ಸಣ್ಣ ಕಣಿವೆ."

ಟಿಣ್.

"ಚೌ. ಕೆಂಪು ಕೊಕ್ಕಿನ ಕಾಗೆ ಜಾತಿಯ ಹಕ್ಕಿ."

ಟಿಣ್.

"ಹಿಕ್ಕಾಫ್. ಬಿಕ್ಕಳಿಕೆ."

"ಅಯ್ಯಾ ರಾಮ್ಸ್‌ಡನ್, ಕೆಮ್ಮೋ ಬಿಕ್ಕಳಿಕೆಯೋ, ಯಾವ್ದಾದ್ರೂ ಒಂದು ತಗೋ!" ಎಂದ ಹಿಂದಿನ ಸಾಲಿನ ಕಟುಕ. ಸಭೆ ನಕ್ಕು ಉರುಳಾಡಿತು. ಟಿಣ್.

ಆ ಗಂಟೆ ಚರ್ಚಿನ ದೊಡ್ಡ ಗಂಟೆಗಿಂತ ಹೆಚ್ಚು ದುಡಿಯಿತು. ಮೂವತ್ತೆಂಟರಲ್ಲಿ ಉಳಿದದ್ದು ಎಂಟು. ಅವೂ ಶಾಲೆ ಮಕ್ಕಳಿಗೆ ಗೊತ್ತಿರುವಂಥವು.

ಹಿಲ್ಡಾ ವೇದಿಕೆ ಹತ್ತಿದಳು. ಕೈಯಲ್ಲಿ ಚೀಟಿಯೂ ಇಲ್ಲ.

"ಹಾಕ್. ಸೂಪಿಗೆ ತರ್ತೀವಲ್ಲ, ಹಂದಿಯ ಹಿಂಗಾಲಿನ ಗಿಣ್ಣು. ಕ್ಲಫ್. ನಾನು ಹುಟ್ಟಿದ ಮನೆ ಹಿಂದೇನೇ ಇದೆ, ಆ ಕಣಿವೇಲಿ ಕುರಿ ಕಾದಿದ್ದೀನಿ. ಚಫ್. ಕೆಂಪು ಕೊಕ್ಕಿನ ಕಾಗೇನ ಕಾರ್ನ್‌ವಾಲಿನ ಚಿಕ್ಕಪ್ಪ ಹಂಗೇ ಕರೀತಿದ್ದ. ಹಿಕಪ್..." ಹೀಗೆ ಹನ್ನೊಂದು ಪದ. ಗಂಟೆ ತುಟಿ ಬಿಚ್ಚಲಿಲ್ಲ.

ನನಗೆ ರೋಷ ಉಕ್ಕಿತು. "ಮಿಸ್ ಆಕ್ರಾಯ್ಡ್! ಇದು ಅಡುಗೆಮನೆ ಉಚ್ಚಾರ! ಸ್ಪರ್ಧೆ ಇರೋದು ನಿಘಂಟಿನ ಪದಗಳಿಗೆ. ನನ್ನ ತಾತನ ನಿಘಂಟು ಏನು ಹೇಳುತ್ತೋ ಅದೇ ಪ್ರಮಾಣ. ಇಲ್ಲಿದೆ, ನೋಡಿ!" ಎಂದು ಎರಡೂ ಸಂಪುಟವನ್ನು ಮೇಜಿನ ಮೇಲೆ ಕುಕ್ಕಿದೆ.

ಆಕೆ ಕನ್ನಡಕ ಏರಿಸಿ ಹಾಳೆ ತಿರುವಿದರು. "ಮಿಸ್ಟರ್ ರಾಮ್ಸ್‌ಡನ್, ಪದದ ಪಕ್ಕದಲ್ಲಿ ಕಂಸದೊಳಗೆ ಏನೋ ಇದೆಯಲ್ಲ, ಓದಿದ್ರಾ?"

"ಅದಾ? ಯಾವುದೋ ಲ್ಯಾಟಿನ್ ಇರಬೇಕು ಅಂತ ಬಿಟ್ಟೆ."

"ಅದೇ ಉಚ್ಚಾರ. ಇಲ್ಲಿ ನೋಡಿ: ಹಾಕ್. ಇಲ್ಲಿ ಕ್ಲಫ್. ಇಲ್ಲಿ ಚಫ್. ನಿಮ್ಮ ತಾತ ಪೆನ್ಸಿಲಿನಲ್ಲಿ ಗೆರೆ ಬೇರೆ ಹಾಕಿದ್ದಾರೆ."

ಸಾಕ್ಷಿಯನ್ನು ಹೆಗಲ ಮೇಲೆ ಹೊತ್ತು ತಂದು ತನ್ನನ್ನೇ ಗಲ್ಲಿಗೇರಿಸಿಕೊಂಡವನು ಆ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಮನೆಗೆ ಬರುವಾಗ ಏರುದಾರಿ. ನಿಘಂಟು ನನ್ನ ಕೈಯಲ್ಲಿ, ವಿಟ್ಬಿಯ ಲಕೋಟೆ ಅವಳ ಕೈಚೀಲದಲ್ಲಿ. ಗಂಡಹೆಂಡಿರಲ್ಲಿ ಯಾರು ಗೆದ್ದರೇನು, ಬಹುಮಾನ ಇಬ್ಬರಿಗೆ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಉದಾರ ಮನಸ್ಸಿನಿಂದ ಕೇಳಿದೆ:

"ಹಂಗಾದ್ರೆ ಯಾವಾಗ ಹೊರಡೋಣ, ಹಿಲ್ಡಾ?"

"ಮುಂದಿನ ಶನಿವಾರ. ನಾನು, ನಮ್ಮಕ್ಕ ಎಡ್ನಾ."

"ಮತ್ತೆ ನಾನು?"

ಅವಳು ನಿಂತು, ನನ್ನ ಕೋಟಿನ ಮೇಲಿನ ಧೂಳು ಕೊಡವಿ, ಮಗುವಿಗೆ ಹೇಳುವಂತೆ ಹೇಳಿದಳು:

"ನೀನು ಆರಾಮಾಗಿ ಮನೇಲಿದ್ದು, ಕಂಸದೊಳಗಿರೋದನ್ನ ಓದಿ ಮುಗಿಸು."