ಹಲಗೆಯ ಕೊನೆಯ ಸಾಲು

ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇರುವಾಗ ಮನುಷ್ಯ ಮಾತಾಡಬಾರದು. ಪಟ್ಟಿರಾಯ ಮಾತಾಡಿದ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಟೈಲರ್ ದಿನವೂ ಕೇಳುವ ಹಾಗೆ "ಏನು ವಿಶೇಷ?" ಎಂದು ಕೇಳಿದ್ದಕ್ಕೆ, "ಏನಿಲ್ಲ, ಹೀಗೇ" ಅಂದು ಒಳಗೆ ಹೋಗಿದ್ದರೆ ಮುಗಿದುಹೋಗುತ್ತಿತ್ತು. ಈ ಪುಣ್ಯಾತ್ಮ ನೊರೆ ಉಗುಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

"ಇವತ್ತು ಸಾಯಂಕಾಲ ಎಂಬತ್ತು ಕೇಜಿ ಎತ್ತಬೇಕು ಮಾಮ. ಜಿಮ್ಮಿನ ಮೇಷ್ಟ್ರು ನಾಳೆ ಬೆಳಿಗ್ಗೆ ಊರು ಬಿಡ್ತಾರೆ. ಇವತ್ತು ಬಿಟ್ರೆ ಇನ್ನಿಲ್ಲ."

ಪಟ್ಟಿರಾಯ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಜಿಮ್ಮಿನವರು ಕಟ್ಟಿದ್ದು. ಯಾವ ಭಾರವನ್ನು ಎಷ್ಟು ಸಲ ಎತ್ತಬೇಕು ಎಂದು ಬರೆದಿಟ್ಟದ್ದಕ್ಕೆ ಎಲ್ಲರೂ ಶೆಡ್ಯೂಲ್ ಅಂದರೆ, ಅಲ್ಲಿನ ಮೇಷ್ಟ್ರು ಪಟ್ಟಿ ಅನ್ನುತ್ತಿದ್ದರು. ಎರಡು ವರ್ಷದ ಹಿಂದೆ ಇವನು ಸೇರಿದ ದಿನ ಒಂದು ಪಟ್ಟಿ ಬರೆದುಕೊಟ್ಟು, "ಭಾರ ಹೊತ್ತು ಕೂತು ಏಳೋ ಸ್ಕ್ವಾಟು, ನೆಲದಿಂದ ಎತ್ತೋ ಡೆಡ್‌ಲಿಫ್ಟು, ಮಲಗಿ ಎದೆಯಿಂದ ಮೇಲಕ್ಕೆ ತಳ್ಳೋ ಬೆಂಚ್ ಪ್ರೆಸ್ಸು. ಈ ಮೂರನ್ನ ಬಿಡಬೇಡಪ್ಪ, ಉಳಿದದ್ದೆಲ್ಲ ತಾನಾಗೇ ಬರತ್ತೆ" ಎಂದಿದ್ದರು. ಮೂರನ್ನೂ ಅವನು ಬಿಡಲಿಲ್ಲ, ಆ ಮಟ್ಟಿಗೆ ನಿಯತ್ತಿನ ಮನುಷ್ಯ. ಬಿಟ್ಟದ್ದು ಪಟ್ಟಿಯನ್ನು. ಯಾರೋ ಐದೈದು ಸಲ ಎತ್ತಬೇಕು ಅಂದರು, ಹಾಗೇ ಮಾಡಿದ. ಇನ್ಯಾರೋ ಹತ್ತತ್ತು ಸಲ ಅಂದರು, ಅದೂ ಆಯಿತು. ವಾರಕ್ಕೆ ಮೂರು ದಿನ, ವಾರಕ್ಕೆ ಎರಡು ದಿನ, ಒಂದು ದಿನ ಭಾರ ಒಂದು ದಿನ ಹಗುರ. ಯಾರು ಏನು ಹೇಳಿದರೂ "ಬೇಡ" ಅನ್ನುವುದಕ್ಕೆ ಅವನ ನಾಲಿಗೆ ಹೊರಳುತ್ತಿರಲಿಲ್ಲ. ಹೊಸ ಪಟ್ಟಿ ಅಂದರೆ ಮತ್ತೆ ಹಗುರದಿಂದ ಶುರು. ಹೀಗೆ ಬೆಂಚ್ ಪ್ರೆಸ್ಸಿನಲ್ಲಿ ನಲವತ್ತು ಕೇಜಿಯಿಂದ ಎಪ್ಪತ್ತಕ್ಕೆ ಎರಡು ವರ್ಷದಲ್ಲಿ ಹನ್ನೊಂದು ಸಲ ಹತ್ತಿ ಇಳಿದಿದ್ದ. ಎಪ್ಪತ್ತು ಮುಟ್ಟಿ ಕಷ್ಟವಾಗತೊಡಗಿದಾಗಲೇ ಯಾರಾದರೊಬ್ಬರು ಹೊಸ ಪಟ್ಟಿ ಹಿಡಿದು ಎದುರಾಗುತ್ತಿದ್ದರು. ನಿಜ ಹೇಳಬೇಕೆಂದರೆ, ಯಾರಾದರೂ ಎದುರಾಗಲಿ ಎಂದು ಅವನೇ ದಾರಿ ನೋಡುತ್ತಿದ್ದ.

ಜಿಮ್ಮಿನ ಗೋಡೆಯ ಮೇಲೆ ಒಂದು ಕರಿ ಹಲಗೆ ಇತ್ತು. ಮೂರು ಲಿಫ್ಟಿನಲ್ಲೂ ಎಂಬತ್ತು ಎತ್ತಿದವರ ಹೆಸರನ್ನು ಮೇಷ್ಟ್ರು ಅದರ ಮೇಲೆ ಬಿಳಿ ಆಯಿಲ್ ಪೇಂಟಿನಲ್ಲಿ ತಮ್ಮ ಕೈಯಾರೆ ಬರೆಯುತ್ತಿದ್ದರು. ಅದಕ್ಕೊಂದು ಕ್ರಮ. ಮೊದಲು ತೂಕ, ಆಮೇಲೆ ಯಾರ ಪಟ್ಟಿ ಹಿಡಿದು ಎತ್ತಿದ್ದು ಅನ್ನುವುದು, ಕೊನೆಗೆ ಎತ್ತಿದವನ ಹೆಸರು. "ದಾರಿ ಹೇಳದೆ ಬರೀ ಹೆಸರು ಬರೆದ್ರೆ ಹಿಂದೆ ಬರೋರಿಗೆ ಏನು ಉಪಯೋಗ?" ಅನ್ನುತ್ತಿದ್ದರು. ಹಲಗೆಯಲ್ಲಿ ಈಗ ಖಾಲಿ ಉಳಿದಿದ್ದದ್ದು ಒಂದೇ ಸಾಲು. ನಾಳೆ ಮೇಷ್ಟ್ರು ಮಗಳ ಊರಿಗೆ ಹೋಗುತ್ತಾರೆ, ಜಿಮ್ಮು ಬೇರೆಯವರ ಕೈಗೆ. ಹಲಗೆಯನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತೇವೆ, ಒಂದಕ್ಷರವನ್ನೂ ಸೇರಿಸುವುದಿಲ್ಲ, ಅಳಿಸುವುದಿಲ್ಲ ಎಂದು ಹೊಸಬರು ಮಾತು ಕೊಟ್ಟಿದ್ದರು.

ನಲವತ್ತಮೂರು ವರ್ಷದಲ್ಲಿ ಪಟ್ಟಿರಾಯನ ಹೆಸರು ಯಾವ ಗೋಡೆಯ ಮೇಲೂ ಬಂದಿರಲಿಲ್ಲ. ಮನೆ ಬಾಗಿಲಿನ ಮೇಲೆ ಮಾವನ ಹೆಸರು. ಕಚೇರಿಯಲ್ಲಿ ಇವನು ಬರೆದ ಟಿಪ್ಪಣಿಗೆಲ್ಲ ಸೂಪರಿಂಟೆಂಡೆಂಟರ ಸಹಿ. ಶಾಲೆಯಲ್ಲಿ ಮೊದಲ ಮೂವರ ಹೆಸರು ಬರೆದು ತೂಗುಹಾಕಿದಾಗ ಇವನು ನಾಲ್ಕನೆಯವನು. ಸ್ಕ್ವಾಟಿನಲ್ಲೂ ಡೆಡ್‌ಲಿಫ್ಟಿನಲ್ಲೂ ಎಂಬತ್ತು ದಾಟಿ ವರ್ಷವಾಗಿತ್ತು, ಬೆಂಚ್ ಪ್ರೆಸ್ ಒಂದು ಉಳಿದಿತ್ತು. ಆ ಕೊನೆಯ ಸಾಲು ತನ್ನದಾಗಬೇಕು ಎಂದು ಅವನಿಗೆ ಎಷ್ಟು ಆಸೆಯಿತ್ತೆಂದರೆ, ಹಿಂದಿನ ರಾತ್ರಿ ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ಕೂರಿಸಿದ್ದ. "ನಾಳೆ ಸಾಯಂಕಾಲ ಏಳು ಗಂಟೆಗೆ ಜಿಮ್ಮಿಗೆ ಬಾ. ಹೆಸರು ಬರೆಯೋದನ್ನ ನೀನೇ ನೋಡ್ಬೇಕು" ಅಂದಿದ್ದ.

ಟೈಲರ್ ಇದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡರು. ಆಯುಷ್ಯದಲ್ಲಿ ಅವರು ಎತ್ತಿದ ಅತಿ ಭಾರದ ವಸ್ತು ಎಂದರೆ ಕತ್ತರಿ.

"ಅಲ್ಲ ಸ್ವಾಮಿ, ಎಂಬತ್ತು ಕೇಜಿ ಎತ್ತೋ ದಿನ ಮೈಯನ್ನ ತಣ್ಣಗೆ ಬಿಟ್ಕೊಂಡು ನಿಂತಿದ್ದೀರಲ್ಲ! ಬನ್ನಿ ಒಳಗೆ, ನಂದೊಂದು ಪಟ್ಟಿ ಇದೆ."

"ಇವತ್ತು ಹೊಸ ಪಟ್ಟಿ ಯಾಕೆ ಮಾಮ..."

"ನಿಮ್ಮ ಲಿಫ್ಟನ್ನ ನಾನು ಮುಟ್ತೀನಾ? ಸ್ಕ್ವಾಟ್ ಅಂದ್ರೆ ಸ್ಕ್ವಾಟೇ. ಕೂರೋದು, ಅಪ್ಪಿಕೊಳ್ಳೋದು, ಏಳೋದು, ಹತ್ತು ಹೆಜ್ಜೆ ನಡೆಯೋದು. ಅಷ್ಟೇ."

ಅಪ್ಪಿಕೊಳ್ಳಬೇಕಾದದ್ದು ಹೊಲಿಗೆ ಯಂತ್ರವನ್ನು. ಹತ್ತು ಹೆಜ್ಜೆ ಎಂದರೆ ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ. ಅವರ ಮನೆಯಲ್ಲಿ ಯಂತ್ರಗಳು ಮೂರು, ಜೊತೆಗೆ ಇಸ್ತ್ರಿ ಮಾಡುವ ಮರದ ಮೇಜು ಒಂದು. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಟೈಲರ ಹೆಂಡತಿ ಅಡಿಗೆಮನೆಯಿಂದ ಇಣುಕಿದರು.

"ಅಣ್ಣಾ, ಆ ಮೇಜು ಇನ್ನೊಂಚೂರು ಎಡಕ್ಕೆ. ಕಿಟಕಿ ಬಾಗಿಲು ತೆಗೆಯೋಕೆ ಆಗಲ್ಲ ನೋಡಿ. ಎರಡು ತಿಂಗಳಿಂದ ಬಡ್ಕೊಂಡೆ, ಇವರು ಒಂದು ಆಳು ಕರೀಲಿಲ್ಲ."

ಮನೆಗೆ ಬಂದು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ತೊಡೆಗಳು ತನ್ನವಲ್ಲ ಅನ್ನಿಸಿತು ಅವನಿಗೆ. ಬಾಯಿ ತೆರೆದದ್ದೇ ತಪ್ಪಾಯಿತು, ಇನ್ನು ಯಾರಿಗೂ ಹೇಳಬಾರದು ಎಂದು ಆಣೆ ಮಾಡಿಕೊಂಡ. ಆಣೆ ಕಚೇರಿಯ ಮೆಟ್ಟಿಲವರೆಗೆ ಉಳಿಯಿತು. ಮೊದಲ ಮಹಡಿಗೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೆರಡು ಕಾಲಿಟ್ಟು ಹತ್ತುತ್ತಿದ್ದಾಗ ಹಿಂದೆಯೇ ಸೂಪರಿಂಟೆಂಡೆಂಟರು ಬಂದರು.

"ಏನ್ರೀ ಇದು, ಹೆರಿಗೆ ವಾರ್ಡಿಂದ ಬಂದ ಹಾಗಿದ್ದೀರಿ?"

ಕೇಳಿದವರು ಮೇಲಧಿಕಾರಿ. ಸುಳ್ಳು ಹೇಳುವುದು ಹೇಗೆ? ಹೇಳಿಬಿಟ್ಟ.

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಯಾರಿಗೋ ಕೆಲಸ ಬಿತ್ತು ಎಂದೇ ಅರ್ಥ.

"ಆ ಟೈಲರ್‌ಗೆ ಏನ್ ಗೊತ್ರೀ! ಹೊತ್ಕೊಂಡು ನಡೆದ್ರೆ ಕಾಲು ಸೋಲತ್ತೆ, ಬೆನ್ನು ಹಾಗೇ ನಿದ್ದೆ ಮಾಡ್ತಿರತ್ತೆ. ನಿಮ್ಮ ಡೆಡ್‌ಲಿಫ್ಟ್ ಇದ್ದ ಹಾಗೇ ಇರ್ಲಿ, ಪಟ್ಟಿ ಮಾತ್ರ ನಾನು ಹೇಳಿದ್ದು. ಐದು ಸಲ, ಐದು ಸುತ್ತು. ರೆಕಾರ್ಡ್ ರೂಮಿಗೆ ಬನ್ನಿ."

ರೆಕಾರ್ಡ್ ರೂಮಿನ ನೆಲದ ಮೇಲೆ ಹಳೆಯ ಫೈಲುಗಳ ಗಂಟುಗಳು ಎದೆ ಮಟ್ಟ ಬಿದ್ದಿದ್ದವು. ಮುಂದಿನ ವಾರ ತಪಾಸಣೆ. ಅವೆಲ್ಲ ಕಪಾಟು ಸೇರಬೇಕು. ಪಟ್ಟಿರಾಯ ಬೆನ್ನು ನೆಟ್ಟಗಿಟ್ಟು, ಮೊಣಕಾಲು ಬಗ್ಗಿಸಿ, ಮೇಷ್ಟ್ರು ಕಲಿಸಿದ ಹಾಗೆಯೇ ಒಂದೊಂದು ಗಂಟನ್ನೂ ಎತ್ತಿದ. ಕೆಲಸ ಕದಿಯಲೂ ಬಾರದ, ಮೋಸ ಮಾಡಲೂ ಬಾರದ ಮನುಷ್ಯ. ಇಪ್ಪತ್ತೈದು ಮುಗಿಸಿ ಉಸಿರು ಬಿಟ್ಟ.

"ಸರ್, ಐದೈದಲ ಇಪ್ಪತ್ತೈದು ಆಯ್ತು."

"ಇನ್ನು ಹದಿನೆಂಟು ಉಳಿದಿದೆಯಲ್ರೀ."

"ಅದು ಪಟ್ಟಿಯಲ್ಲಿ ಇರಲಿಲ್ಲ ಸರ್."

"ಪಟ್ಟಿ ಯಾರದ್ದು?" ಎಂದರು ಸೂಪರಿಂಟೆಂಡೆಂಟರು. ಹದಿನೆಂಟೂ ಕಪಾಟು ಸೇರಿದವು.

ಸಾಯಂಕಾಲ ಐದೂವರೆಗೆ ಕಚೇರಿ ಬಿಟ್ಟಾಗ ಅವನಿಗೆ ಅಳು ಬರುವುದೊಂದು ಬಾಕಿ. ಹನ್ನೊಂದು ಪಟ್ಟಿಗಳೂ ನೆನಪಾದವು. ಅದರಲ್ಲಿ ಯಾವುದಾದರೂ ಒಂದನ್ನು, ಎಪ್ಪತ್ತರ ಹತ್ತಿರ ಕಷ್ಟವಾದಾಗ ಹಲ್ಲುಕಚ್ಚಿ ಹಿಡಿದುಕೊಂಡಿದ್ದರೆ? ಕಷ್ಟ ಬಂತು ಎಂದು ಬಿಟ್ಟೆನಲ್ಲ, ಬಿಟ್ಟದ್ದಕ್ಕೆ ಇನ್ನೊಬ್ಬರ ಬುದ್ಧಿಮಾತನ್ನು ನೆಪ ಮಾಡಿದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡು ಬೀದಿಯ ತಿರುವು ದಾಟಿದ. ಅಲ್ಲೇ ಹೆಂಡತಿಯ ತಮ್ಮನ ಮೊಬೈಲ್ ರಿಪೇರಿ ಅಂಗಡಿ.

"ಭಾವಾ!" ಎಂದು ಭಾವಮೈದ ಬೀದಿಗೇ ಇಳಿದು ಬಂದ. "ಅಕ್ಕ ಫೋನ್ ಮಾಡಿದ್ಲು. ಇವತ್ತು ಪ್ರೆಸ್ಸಂತೆ? ಕೈ ಯಾಕೆ ಹೀಗೆ ಜೋತಾಡ್ತಿದೆ?"

ಪಟ್ಟಿರಾಯ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ.

"ಅವರಿಬ್ಬರೂ ಕಾಲು, ಬೆನ್ನು ನೋಡಿದ್ರು. ಭುಜ ಯಾರು ನೋಡ್ತಾರೆ? ಎತ್ತಿ ಇಳಿಸೋದಲ್ಲ ಭಾವ, ಎತ್ತಿ ಹಿಡ್ಕೋಬೇಕು. ಹಿಡ್ಕೊಂಡ್ರೇ ಶಕ್ತಿ ಬರೋದು. ಈಗಿನ ಪಟ್ಟಿ ಅಂದ್ರೆ ಅದೇ."

"ನಂದು ಮಲಗಿ ಮಾಡೋ ಪ್ರೆಸ್ಸು ಕಣಪ್ಪ."

"ಮಲಗಿದ್ರೇನು ನಿಂತ್ರೇನು ಭಾವ, ಪ್ರೆಸ್ ಅಂದ್ರೆ ಪ್ರೆಸ್ಸೇ!"

ಅಂಗಡಿಗೆ ಹೊಸ ನಾಮಫಲಕ ಬಂದಿತ್ತು. ಪಟ್ಟಿರಾಯ ಸ್ಟೂಲಿನ ಮೇಲೆ ನಿಂತು ಅದನ್ನು ಗೋಡೆಗೆ ಎತ್ತಿ ಹಿಡಿದ. ಒಬ್ಬ ಗೋಡೆಗೆ ತೂತು ಕೊರೆಯುತ್ತಿದ್ದ. ಬೀದಿಯ ಆಚೆ ನಿಂತು ಭಾವಮೈದ, "ಸ್ವಲ್ಪ ಮೇಲೆ... ಬಲಗಡೆ ಇಳಿಸಿ... ಅಲ್ಲಾಡಬೇಡಿ ಭಾವ" ಎನ್ನುತ್ತಿದ್ದ. ಭಾವಮೈದನ ಹೆಸರಿನ ದಪ್ಪ ಅಕ್ಷರಗಳು ಪಟ್ಟಿರಾಯನ ಮೂಗಿಗೆ ಒತ್ತುತ್ತಿದ್ದವು.

"ಇಳಿಸ್ಲಾ?"

"ಇನ್ನೊಂದೇ ಸ್ಕ್ರೂ ಭಾವ!"

ಇನ್ನೊಂದೇ ಸ್ಕ್ರೂ ಎನ್ನುವುದು ಆರು ಸಲ ಆಯಿತು.

ಆರೂಮುಕ್ಕಾಲಿಗೆ ಜಿಮ್ ಮುಟ್ಟಿದಾಗ ಟೈಲರ್ ಅಲ್ಲಿದ್ದರು. ಸೂಪರಿಂಟೆಂಡೆಂಟರೂ ಇದ್ದರು. ಭಾವಮೈದ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಬಂದ. ಮೂವರೂ ತಮ್ಮ ತಮ್ಮ ಶಿಷ್ಯನನ್ನು ನೋಡಲು ಬಂದವರು, ಮೂವರ ಶಿಷ್ಯನೂ ಒಬ್ಬನೇ.

ಮೇಷ್ಟ್ರು ಸಾಮಾನು ಕಟ್ಟಿಟ್ಟು, ಪೇಂಟಿನ ಡಬ್ಬಿ, ಬ್ರಷ್ ಮಾತ್ರ ಹೊರಗಿಟ್ಟುಕೊಂಡು ಕೂತಿದ್ದರು. ಅದನ್ನು ನೋಡಿ ಪಟ್ಟಿರಾಯನ ಕಣ್ಣು ತುಂಬಿತು.

"ಮೇಷ್ಟ್ರೇ, ಇವತ್ತು ಆಗಲ್ಲ. ಕೈಯೇ ಏಳ್ತಿಲ್ಲ. ತಪ್ಪೆಲ್ಲ ನಂದೇ."

"ಸರಿಯಪ್ಪ. ಬಂದಿದ್ದೀಯಲ್ಲ, ಮಲಕ್ಕೋ. ನಿನ್ನ ಮಾಮೂಲಿ ಎಪ್ಪತ್ತನ್ನಾದ್ರೂ ಕೊನೇ ಸಲ ನನ್ನೆದುರು ಎತ್ತಿಬಿಡು."

ಪಟ್ಟಿರಾಯ ತನ್ನ ದಪ್ಪ ಗಾಜಿನ ಕನ್ನಡಕ ತೆಗೆದಿಟ್ಟು ಬೆಂಚಿನ ಮೇಲೆ ಮಲಗಿದ. ಕನ್ನಡಕವಿಲ್ಲದಿದ್ದರೆ ಅವನಿಗೆ ಮೇಲಿನ ಫ್ಯಾನೂ ಒಂದೇ, ಚಂದ್ರನೂ ಒಂದೇ. ಮೇಷ್ಟ್ರು ರಾಡಿನ ಎರಡೂ ಕಡೆ ಭಾರದ ಪ್ಲೇಟು ಹಾಕಿದ ಸದ್ದಾಯಿತು. ರಾಡು ಎದೆಗೆ ಇಳಿಯಿತು. ಮೇಲೇಳುತ್ತ ಅರ್ಧಕ್ಕೆ ಬಂದು ಎಂದಿನಂತೆ ನಿಂತಿತು. ಪ್ರತಿ ಸಲ ಕೈಬಿಡುತ್ತಿದ್ದದ್ದು ಇಲ್ಲೇ. ಆದರೆ ಇವತ್ತು ಹೋಗುವುದಕ್ಕೆ ಇನ್ನೊಂದು ಪಟ್ಟಿ ಎಲ್ಲಿತ್ತು? ನಾಳೆ ಎಲ್ಲಿತ್ತು? ಎರಡು ವರ್ಷದ ಸಂಕಟವನ್ನೆಲ್ಲ ಒಟ್ಟುಗೂಡಿಸಿ "ಹಾಳಾಗಿ ಹೋಗ್ಲಿ!" ಎಂದು ಕೂಗಿ ತಳ್ಳಿದ. ರಾಡು ಮೇಲೆ ಹೋಗಿ ಕೊಕ್ಕೆಗೆ ಕೂತಿತು.

"ಎಪ್ಪತ್ತಾಯ್ತು ಮೇಷ್ಟ್ರೇ. ನನ್ನ ಹಣೇಲಿ ಅಷ್ಟೇ ಬರೆದಿರೋದು."

"ಎಪ್ಪತ್ತಲ್ಲ, ಎಂಬತ್ತು" ಅಂದರು ಮೇಷ್ಟ್ರು. "ಕನ್ನಡಕ ಹಾಕ್ಕೊಂಡು ನೋಡು. ನಿನ್ನ ಕೈಗೆ ಇದು ಯಾವತ್ತೋ ಬಂದಿತ್ತು ಮಾರಾಯ. ಹಾಕೋಣ ಅಂದಾಗೆಲ್ಲ ನೀನು ಹೊಸ ಪಟ್ಟಿ ಹಿಡ್ಕೊಂಡು ನಲವತ್ತಕ್ಕೆ ಓಡಿಹೋಗ್ತಿದ್ದೆ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದ. ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆದು ಹಲಗೆಯ ಕೊನೆಯ ಸಾಲಿನ ಶುರುವಿಗೆ "೮೦ ಕೇಜಿ" ಎಂದು ಬರೆದರು. ಆಮೇಲೆ ತಿರುಗಿ, "ಯಾರ ಪಟ್ಟಿ?" ಎಂದರು.

"ಅದನ್ನೇನು ಕೇಳ್ತೀರಿ? ಬೆಳಿಗ್ಗೆ ಮೈ ಬಿಸಿ ಮಾಡಿದ್ದು ಯಾರು?" ಎಂದರು ಟೈಲರ್.

"ಬೆನ್ನು ಎಬ್ಬಿಸಿದ್ದು ನಾನು ಕಣ್ರೀ. ಬೇಕಾದ್ರೆ ಅವರನ್ನೇ ಕೇಳಿ" ಎಂದರು ಸೂಪರಿಂಟೆಂಡೆಂಟರು.

"ಭಾವ, ಭುಜ ಇಲ್ದೆ ಪ್ರೆಸ್ ಆಗತ್ತಾ? ನೀವೇ ಹೇಳಿ!" ಎಂದ ಭಾವಮೈದ.

ಮೇಷ್ಟ್ರು ಮೂವರನ್ನೂ ಬಿಟ್ಟು ಅವನನ್ನೇ ನೋಡಿದರು. "ಎತ್ತಿದೋನು ನೀನು. ನೀನು ಹೇಳಿದ್ದನ್ನ ಬರೀತೀನಿ. ಯಾರದ್ದು?"

ಯಾರದ್ದೂ ಅಲ್ಲ ಅಂದರೆ ಸಾಕಿತ್ತು. ನಿಮ್ಮದೇ ಮೇಷ್ಟ್ರೇ ಅಂದಿದ್ದರೆ ಇನ್ನೂ ಚೆನ್ನಾಗಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು. ಆದರೆ ಒಂದು ಕಡೆ ದಿನ ಬೆಳಗಾದರೆ ಮುಖ ನೋಡಬೇಕಾದ ನೆರೆಯವರು, ಇನ್ನೊಂದು ಕಡೆ ರಜೆಗೆ ಸಹಿ ಹಾಕುವವರು, ಮತ್ತೊಂದು ಕಡೆ ಹೆಂಡತಿಯ ಒಬ್ಬನೇ ತಮ್ಮ.

"ಮೂವರದ್ದೂ" ಎಂದ ಪಟ್ಟಿರಾಯ.

ಮೇಷ್ಟ್ರು ಹಲಗೆಯ ಕಡೆ ತಿರುಗಿದರು. ಆಮೇಲೆ ಬ್ರಷ್ ಅದ್ದಿದರು. ಟೈಲರಿಗೆ ಹೆಸರಿನ ಜೊತೆ ತಂದೆಯ ಹೆಸರೂ ಬೇಕಾಯಿತು. ಸೂಪರಿಂಟೆಂಡೆಂಟರಿಗೆ ಹುದ್ದೆಯಿಲ್ಲದ ಹೆಸರು ಬೇಡವೇ ಬೇಡ. ಭಾವಮೈದ ಅಂಗಡಿಯ ಹೆಸರನ್ನೂ ಹಾಕಿಸಿದ. ಮೇಷ್ಟ್ರ ಅಕ್ಷರ ಮುದ್ದಾಗಿ, ದುಂಡಗೆ, ಒಂದೇ ಅಳತೆಯಲ್ಲಿ ಸಾಗುತ್ತ ಹೋಗಿ ಹಲಗೆಯ ಚೌಕಟ್ಟನ್ನು ಮುಟ್ಟಿ ನಿಂತಿತು. ಕೆಳಗೆ ಬರೀ ಗೋಡೆ.

"ಜಾಗವೇ ಇಲ್ವಲ್ಲಪ್ಪ" ಎಂದರು ಮೇಷ್ಟ್ರು ಮೆಲ್ಲಗೆ. "ಏನು ಮಾಡ್ಲಿ?"

"ಪರವಾಗಿಲ್ಲ ಮೇಷ್ಟ್ರೇ" ಎಂದ ಪಟ್ಟಿರಾಯ. ಅವನಿಗೆ ಬರುತ್ತಿದ್ದದ್ದು ಅದೊಂದೇ ಮಾತು.

ಮೂವರೂ ಹಲಗೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಪರಸ್ಪರ ಬೆನ್ನು ತಟ್ಟಿಕೊಂಡು ಕಾಫಿಗೆ ಹೊರಟರು. ಮೇಷ್ಟ್ರು ಬ್ರಷ್ ತೊಳೆಯಲು ಹಿತ್ತಲಿಗೆ ಹೋದರು. ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು. ನೆಟ್ಟಗೆ ಹಲಗೆಯ ಮುಂದೆ ಹೋಗಿ, ಇನ್ನೂ ಒಣಗದ ಕೊನೆಯ ಸಾಲನ್ನು ಎಡದಿಂದ ಬಲಕ್ಕೆ ಓದಿದಳು. ಮತ್ತೊಮ್ಮೆ ಓದಿದಳು. ಎತ್ತಿದವನ ಹೆಸರಿರಬೇಕಾದ ಕೊನೆಯಲ್ಲಿ ಇದ್ದದ್ದು ತಮ್ಮನ ಹೆಸರು.

"ಎಂಬತ್ತು ಎತ್ತಿದ್ದು ನಾನೇ ಕಣೇ" ಎಂದ ಅವನು.

ಅವಳು ಹಲಗೆಯನ್ನು ನೋಡಿದಳು, ಜೋತುಬಿದ್ದಿದ್ದ ಅವನ ಕೈಗಳನ್ನು ನೋಡಿದಳು. ಅವಳಿಗೆ ಕನಿಕರ ಉಕ್ಕಿ ಬಂತು. ಹತ್ತಿರ ಬಂದು ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

"ಹೋಗ್ಲಿ ಬಿಡಿ, ಮನಸ್ಸಿಗೆ ಹಚ್ಕೋಬೇಡಿ. ಎಲ್ಲರ ಕೈಲೂ ಆಗತ್ತಾ? ನನ್ನ ತಮ್ಮ ಎಷ್ಟು ಸುಲಭವಾಗಿ ಎತ್ತಿಬಿಟ್ಟಿದ್ದಾನೆ ನೋಡಿ. ನಾಳೆ ಅವನ ಹತ್ರಾನೇ ಒಂದು ಪಟ್ಟಿ ಬರೆಸ್ಕೊಳ್ಳಿ."

"ಆಯ್ತು" ಎಂದ ಪಟ್ಟಿರಾಯ.