ತೋಟದವರು ಬೆಂಗಳೂರು ನೋಡಿದ್ದು

ತೋಟ ಬಿಟ್ಟು ಆಚೆ ಕಾಲಿಟ್ಟರೆ ಸಾಕು, ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಈ ಸಲ ರಜೆಗೆ ನೊಣವಿನಕೆರೆಯಿಂದ ಹೆಂಡತಿ, ಮಗಳನ್ನು ಬೆಂಗಳೂರು ತೋರಿಸಲು ಕರೆದುಕೊಂಡು ಹೊರಟಾಗ ಇದ್ದದ್ದು ಒಂದೇ ಆಸೆ. ಆರನೇ ಕ್ಲಾಸು ಮುಗಿಸಿದ ಮಗಳು ಈಚೆಗೆ ನನ್ನ ಮಾತಿಗೆಲ್ಲ ನಗುತ್ತಾಳೆ. ಅವಳ ಕಣ್ಣಲ್ಲಿ ಸ್ವಲ್ಪವಾದರೂ ದೊಡ್ಡವನಾಗಬೇಕು.

ಮೆಟ್ರೋ ಬಾಗಿಲಲ್ಲಿ

ನೆಂಟರ ಮನೆಗೆ ಬರಿಗೈಲಿ ಹೋಗುವುದುಂಟೇ? ಚೀಲದಲ್ಲಿ ಹತ್ತು ತೆಂಗಿನಕಾಯಿ ತುಂಬಿದ್ದೆ. ಮೆಟ್ರೋ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಯಂತ್ರದ ಪರದೆಯ ಮೇಲೆ ಹತ್ತು ಗುಂಡು ಕಂಡವು. ಕಾವಲಿನವನು, ‘ಒಂದು ತೆಗೀರಿ’ ಎಂದ. ತೆಗೆದೆ. ನಮ್ಮ ಕಡೆಯವರ ಕೈಗೆ ಕಾಯಿ ಬಂದರೆ ಅದು ತಾನಾಗಿಯೇ ಕಿವಿಗೆ ಹೋಗುತ್ತದೆ, ಒಳಗೆ ನೀರಿದೆಯೋ ಕೊಬ್ಬರಿಯಾಗಿದೆಯೋ ತಿಳಿಯಲು. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಅವನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

ಹೆಂಡತಿ ಮಗಳಿಗೆ ಹೇಳಿದಳು: ‘ಬಾಂಬಾಗಿದ್ರೂ ನಿಮ್ಮಪ್ಪ ಅಲ್ಲಾಡ್ಸೇ ನೋಡೋರು ಕಣೇ.’

ಮಾಲ್‌ನ ತೋಟ

ಮಾಲ್ ಒಳಗೆ ಆರು ತೆಂಗಿನ ಮರ. ಒಂದು ಗರಿಯೂ ಒಣಗಿಲ್ಲ, ಹುಳದ ಗುರುತಿಲ್ಲ. ನಮ್ಮ ತೋಟ ನೆನೆದು ಹೊಟ್ಟೆ ಉರಿಯಿತು. ಮಗಳನ್ನು ನಿಲ್ಲಿಸಿಕೊಂಡು ತೆಂಗಿನ ಆರೈಕೆಯ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ. ಆಮೇಲೆ ಅಲ್ಲಿದ್ದ ಸೆಕ್ಯುರಿಟಿಯವನನ್ನು ಕೇಳಿದೆ: ‘ಏನ್ ಗೊಬ್ಬರ ಹಾಕ್ತೀರಪ್ಪಾ?’

‘ಪ್ಲಾಸ್ಟಿಕ್ ಮರಕ್ಕೆ ಗೊಬ್ಬರ ಯಾಕೆ ಸಾರ್? ವಾರಕ್ಕೊಂದ್ಸಲ ಒದ್ದೆ ಬಟ್ಟೇಲಿ ಒರೆಸ್ತೀವಿ.’

ಚಿಪ್ಪಿನ ದೋಣಿ

ಕೊನೆಯ ದಿನ ಒಂದು ರಜಾ ಶಿಬಿರಕ್ಕೆ ಹೋದೆವು. ಮಕ್ಕಳು, ಹೆತ್ತವರು ಸೇರಿ ತೆಂಗಿನ ಚಿಪ್ಪಿನಲ್ಲಿ ದೋಣಿ ಮಾಡಬೇಕು. ಕಲಿಸುವ ಮೇಡಂ, ‘ಕಾಯಿನ ಸರಿಯಾಗಿ ಎರಡು ಹೋಳು ಮಾಡೋದು ಯಾರಿಗೆ ಬರುತ್ತೆ?’ ಅಂದದ್ದೇ ತಡ, ಮಗಳು ಕೈ ಎತ್ತಿದಳು.

‘ನಮ್ಮಪ್ಪಂಗೆ ಮಿಸ್! ನಮ್ದು ತೆಂಗಿನ್ ತೋಟ!’

ಎಲ್ಲರೂ ತಿರುಗಿ ನೋಡಿದರು. ಎದೆಯುಬ್ಬಿಸಿಕೊಂಡು ಹೋಗಿ ಸುತ್ತಿಗೆ ಹಿಡಿದೆ. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯದು ಹೆಬ್ಬೆರಳಿಗೆ ಬಿತ್ತು. ಮೂರನೆಯದಕ್ಕೆ ಕಾಯಿ ಏಳು ಚೂರಾಗಿ, ನೀರೆಲ್ಲ ಮೇಡಂ ಸೀರೆಯ ಮೇಲೆ. ನಾಚಿಕೆಯಿಂದ ಕುಗ್ಗಿಹೋದೆ.

ಮೇಡಂ ಸೀರೆ ಒರೆಸಿಕೊಳ್ಳುತ್ತಾ, ‘ತೋಟದವರು ಅಂದ್ರಲ್ಲಾ?’ ಎಂದರು.

ನನ್ನ ಮುಖ ನೋಡಿ ಮಗಳಿಗೆ ಅಯ್ಯೋ ಅನ್ನಿಸಿರಬೇಕು. ಪಕ್ಕಕ್ಕೆ ಬಂದು ನನ್ನ ಕೈ ಹಿಡಿದು, ಎಲ್ಲರಿಗೂ ಕೇಳುವಂತೆ ನನ್ನ ಪರ ವಾದಿಸಿದಳು:

‘ನಮ್ಮಪ್ಪನ್ನ ಏನೂ ಅನ್ಬೇಡಿ ಮಿಸ್. ಕಾಯಿ ಕೆಡವೋಕೆ, ಸುಲಿಯೋಕೆ ಆಳು ಅವ್ರೆ, ಒಡೆಯೋಕೆ ಅಮ್ಮ ಅವ್ಳೆ. ಒಡೆದ್ಮೇಲೆ “ಚೆನ್ನಾಗೈತೆ” ಅನ್ನೋದಷ್ಟೇ ನಮ್ಮಪ್ಪನ ಕೆಲ್ಸ.’